ಅಂಬಾಸಿಡರ್‌ಗೆ ಪ್ಲಗ್ ತರೋಕೆ ಹೋಗೋ ಮುಂಚೆ ಹಳೇ ನಾಲ್ಕು ಬಿಚ್ಚಿ ನೋಡ್ರಿ

ಹಳೇ ಗಾಡಿ ಇಟ್ಕೊಂಡಿರೋರು ನಮ್ ದಾವಣಗೆರೆಯಲ್ಲಿ ಇನ್ನೂ ಇದಾರೆ, ಅಪ್ಪಂದೋ ತಾತಂದೋ ಅಂಬಾಸಿಡರ್ ಶೆಡ್ಡಲ್ಲಿ ನಿಂತಿರ್ತತಿ, ಮದುವೆ ಸೀಸನ್ ಬಂದಾಗ ನೆನಪಾಗ್ತತಿ, ಆಗ ಸ್ಟಾರ್ಟ್ ಮಾಡಿದ್ರೆ ಮೂರೇ ಸಿಲಿಂಡರಲ್ಲಿ ಕುಂಟ್ಕೊಂಡು ಓಡ್ತತಿ. ಆಮೇಲೆ ಫೋನ್ ಮಾಡಿ ಕೇಳೋದು ಒಂದೇ, "ಅಣ್ಣಾ, ಯಾವ ಕಂಪನಿ ಪ್ಲಗ್ ಹಾಕ್ಸ್ಲಿ?" ಕಂಪನಿ ಹೆಸರು ಕಡೇಗೆ ಕೇಳೋ ಮಾತು ನೋಡ್ರಿ. ಮೊದ್ಲು ಚೂಡಿ (ಸ್ಕ್ರೂ ಥರ ತಿರುಗಿಸೋ ಥ್ರೆಡ್) ಉದ್ದ ಎಷ್ಟು, ಆಮೇಲೆ ಹೀಟ್ ನಂಬರ್ ಎಷ್ಟು, ಆಮೇಲೆ ಗ್ಯಾಪು, ಅಂದ್ರೆ ಮೂತಿಯಲ್ಲಿ ಕಿಡಿ ಹಾರೋ ಸಂದು. ಇವು ಮೂರು ಸರಿ ಇದ್ರೆ ಡಬ್ಬದ ಮೇಲೆ ಯಾವ ಹೆಸರಿದ್ರೂ ಗಾಡಿ ಓಡ್ತತಿ.

ಅದಕ್ಕೂ ಮುಂಚೆ ನಿಮ್ಮ ಗಾಡಿ ಪೆಟ್ರೋಲಾ ಡೀಸೆಲ್ಲಾ ನೋಡ್ಕೊಳ್ರಿ, ನಗಬ್ಯಾಡ್ರಿ. ನಮ್ ಸಂಬಂಧಿಕರೊಬ್ರು ಹೊಸದಾಗಿ ಅಂಬಾಸಿಡರ್ ತಗೊಂಡು ಸ್ಪಾರ್ಕ್ ಪ್ಲಗ್ ಬೇಕು ಅಂತ ಅಂಗಡಿ ಅಂಗಡಿ ತಿರುಗಿದ್ರು, ಬಾನೆಟ್ ಎತ್ತಿ ನೋಡಿದ್ರೆ ಡೀಸೆಲ್ ಇಂಜಿನ್ನು. ಡೀಸೆಲ್ಲಿಗೆ ಸ್ಪಾರ್ಕ್ ಪ್ಲಗ್ಗೇ ಇರಲ್ಲ, ಇರೋದು ಹೀಟರ್ ಪ್ಲಗ್, ಅದರ ಕತೆನೇ ಬೇರೆ. ನಾನಿಲ್ಲಿ ಹೇಳೋದು ಹಳೇ 1489 ಸಿಸಿ ಪೆಟ್ರೋಲ್ ಇಂಜಿನ್ ಬಗ್ಗೆ, ಅಂದ್ರೆ ಅಂಬಾಸಿಡರ್‌ಗೆ ಮೂಲವಾದ ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಕಾರಿನ ಜತೆ ಬಂದ ಬಿಎಂಸಿ (ಬ್ರಿಟಿಷ್ ಮೋಟಾರ್ ಕಾರ್ಪೊರೇಷನ್) ಇಂಜಿನ್. 90ರ ದಶಕದಲ್ಲಿ ಬಂದ 1800 ಇಸುಜು ಇಂಜಿನ್ನಿಗೆ ಈ ಲೆಕ್ಕ ಹಚ್ಚಬ್ಯಾಡ್ರಿ. ಪ್ರೀಮಿಯರ್ ಪದ್ಮಿನಿ ಕಾರು ಇರೋರಿಗೂ ಮುಕ್ಕಾಲು ಮಾತು ಇದೇ, ಆದ್ರೆ ಅದರ 1089 ಸಿಸಿ ಇಂಜಿನ್ ಹೆಡ್, ಅಂದ್ರೆ ಪ್ಲಗ್ ಕೂರೋ ಮೇಲಿನ ಭಾಗ, ಅಲ್ಯುಮಿನಿಯಂದು, ಅಂಬಾಸಿಡರ್‌ದು ಬೀಡು ಕಬ್ಬಿಣದ್ದು. ಆ ವ್ಯತ್ಯಾಸ ಟೈಟ್ ಮಾಡೋವಾಗ ಗೊತ್ತಾಗ್ತತಿ.

ಈಗ ಉದ್ದದ ವಿಷ್ಯಕ್ಕೆ ಬರ್ತೀನಿ, ಯಾಕಂದ್ರೆ ನಾನು ಪೆಟ್ಟು ತಿಂದಿದ್ದೇ ಅಲ್ಲಿ. ಪ್ಲಗ್ಗಿನ ಚೂಡಿ ದಪ್ಪ ಇಂಥ ಗಾಡಿಗಳಲ್ಲಿ 14 ಎಂಎಂ, ಆದ್ರೆ ಚೂಡಿ ಉದ್ದ ಎರಡು ಥರ ಇರ್ತತಿ, 12.7 ಎಂಎಂ ಅಂದ್ರೆ ಅರ್ಧ ಇಂಚು, ಇಲ್ಲ 19 ಎಂಎಂ ಅಂದ್ರೆ ಮುಕ್ಕಾಲು ಇಂಚು. ದಪ್ಪ ಒಂದೇ ಇರೋದ್ರಿಂದ ಎರಡೂ ತೂತಿಗೆ ಕೂರ್ತವೆ, ಗಾಡಿನೂ ಸ್ಟಾರ್ಟ್ ಆಗ್ತತಿ, ಮೋಸ ಆಗೋದೇ ಇಲ್ಲಿ. 1489ಕ್ಕೆ ಬೇಕಾಗಿರೋದು 19ರದ್ದು. ನಮ್ ಗಾಡಿಗೆ ಯಾರೋ ಪುಣ್ಯಾತ್ಮ ಮೆಕ್ಯಾನಿಕ್ ಗಿಡ್ಡ ಪ್ಲಗ್ ಹಾಕಿ ಕಳ್ಸಿದ್ದ. ಎರಡು ವರ್ಷ ಹಂಗೇ ಓಡ್ಸಿದ್ವಿ, ಪಿಕಪ್ ಇಲ್ಲ, ಬೆಳಗ್ಗೆ ಸ್ಟಾರ್ಟ್ ಆಗೋಕೆ ಕಷ್ಟ, ಪೆಟ್ರೋಲ್ ಕುಡಿಯೋದು ಬೇರೆ, ವಯಸ್ಸಾತು ಗಾಡಿಗೆ ಅಂತ ನಾವೇ ಸಮಾಧಾನ ಮಾಡ್ಕೊಂಡಿದ್ವಿ. ನಿಜ ಏನಂದ್ರೆ ಪ್ಲಗ್ಗಿನ ಮೂತಿ ಪೆಟ್ರೋಲ್ ಉರಿಯೋ ಚೇಂಬರಿಗೆ ಬರದೇನೇ ತೂತಿನೊಳಗೇ ಅಡಗಿ ಕೂತಿತ್ತು, ಕಿಡಿ ಹುಟ್ಟೋದು ಬಾವಿಯೊಳಗೆ ದೀಪ ಹಚ್ಚಿದಂಗೆ. ಆಮೇಲೆ ಸರಿಯಾದ ಉದ್ದದ ಪ್ಲಗ್ ತಂದು ತಿರುಗಿಸಿದ್ರೆ ಅರ್ಧಕ್ಕೇ ಹಿಡ್ಕೊಂತು, ಯಾಕಂದ್ರೆ ಖಾಲಿ ಇದ್ದ ಕೆಳಗಿನ ಚೂಡಿಗೆಲ್ಲ ಎರಡು ವರ್ಷದ ಮಸಿ ಗಟ್ಟಿಯಾಗಿ ಕೂತಿತ್ತು. ಜೋರು ಮಾಡಿದ್ರೆ ಚೂಡಿ ಕಿತ್ಕೊಂಡು ಬರ್ತತಿ. ಚೂಡಿ ಕೊರೆಯೋ 14 ಎಂಎಂ ಟ್ಯಾಪ್ ಅನ್ನೋ ಹತ್ಯಾರಕ್ಕೆ ಗ್ರೀಸ್ ಸವರಿ ಸ್ವಲ್ಪ ತಿರುಗ್ಸಿ, ಹೊರಗೆ ತೆಗ್ದು ಒರೆಸಿ, ಮತ್ತೆ ತಿರುಗ್ಸಿ, ಹಂಗೆ ನಾಲ್ಕೂ ತೂತು ಕ್ಲೀನ್ ಮಾಡೋಕೆ ಒಂದು ಭಾನುವಾರ ಪೂರ್ತಿ ಹೋತು. ಗ್ರೀಸ್ ಯಾಕೆ ಅಂದ್ರೆ ಉದುರೋ ಮಸಿಯೆಲ್ಲ ಅದಕ್ಕೇ ಅಂಟ್ಕೊಂತತಿ, ಒಳಗೆ ಬೀಳಲ್ಲ.

ಉಲ್ಟಾ ತಪ್ಪು ಇನ್ನೂ ಕೆಟ್ಟದ್ದು. ಗಿಡ್ಡ ಹೆಡ್ಡಿಗೆ ಉದ್ದ ಪ್ಲಗ್ ಹಾಕಿದ್ರೆ ಪಿಸ್ಟನ್ನಿಗೋ ವಾಲ್ವಿಗೋ ಬಡೀಬಹುದು, ಬಡೀದಿದ್ರೂ ಒಳಗೆ ಚಾಚಿಕೊಂಡ ಚೂಡಿ ಕೆಂಡ ಆಗಿ ಕಿಡಿ ಬರೋ ಮುಂಚೇನೇ ಪೆಟ್ರೋಲ್ ಹತ್ತಿಸ್ತತಿ. ಹಂಗಾಗಿ ಹಿಂದಿನೋನು ಹಾಕಿದ್ದೇ ಸರಿ ಅಂತ ನಂಬಬ್ಯಾಡ್ರಿ. ಗಾಡಿ ಪುಸ್ತಕ ಇದ್ರೆ ಅದ್ರಲ್ಲಿರೋ ನಂಬರ್ ನೋಡ್ರಿ, ಇಲ್ಲಾಂದ್ರೆ ಪ್ಲಗ್ ಬಿಚ್ಚಿ ಹೆಡ್ಡಿನ ಚೂಡಿ ಎಷ್ಟು ಆಳ ಐತಿ ಅಂತ ಒಂದು ಸಣ್ಣ ತಂತಿ ಕೊಕ್ಕೆಯಿಂದ ಅಳೀರಿ. ಪದ್ಮಿನಿಯವರಂತೂ ಹೆಡ್ ಅಳೀದೆ ಅಂಗಡಿ ಮೆಟ್ಲು ಹತ್ತಲೇಬ್ಯಾಡ್ರಿ.

ಇನ್ನು ಹೀಟ್ ನಂಬರ್. ಹಾಟ್ ಪ್ಲಗ್ ಅಂದ್ರೆ ಜೋರು ಕಿಡಿ ಕೊಡೋದು ಅಂತ ಬಾಳ ಜನ ತಿಳ್ಕೊಂಡಿದಾರೆ, ಅದು ಸುಳ್ಳು. ಕಿಡಿಗೂ ಅದಕ್ಕೂ ಸಂಬಂಧ ಇಲ್ಲ. ಪ್ಲಗ್ಗಿನ ಮೂತಿಗೆ ಬಿದ್ದ ಬಿಸಿ ಎಷ್ಟು ಬೇಗ ಹೆಡ್ಡಿಗೆ ದಾಟ್ತತಿ ಅನ್ನೋದೇ ಹೀಟ್ ನಂಬರ್. ಒಳಗಿನ ಬಿಳೀ ಪಿಂಗಾಣಿ ಮೂಗು ಉದ್ದ ಇದ್ರೆ ಬಿಸಿ ನಿಧಾನಕ್ಕೆ ಹೋಗ್ತತಿ, ಅದು ಹಾಟ್. ಗಿಡ್ಡ ಇದ್ರೆ ಬೇಗ ಹೋಗ್ತತಿ, ಅದು ಕೋಲ್ಡ್. ಮೂತಿ ಸುಮಾರು 450 ಡಿಗ್ರಿ ದಾಟಿದ್ರೆ ತನ್ನ ಮಸಿ ತಾನೇ ಸುಟ್ಕೊಂತತಿ, 850ರ ಆಸುಪಾಸು ಮೀರಿದ್ರೆ ತಾನೇ ಬೆಂಕಿಕಡ್ಡಿ ಆಗ್ತತಿ. ಇವೆರಡರ ನಡುವೆ ಇಡೋದೇ ನಮ್ ಕೆಲಸ.

ನಂಬರ್ ಓದೋದ್ರಲ್ಲಿ ಒಂದು ಗುಂಡಿ ಐತಿ, ಎಲ್ಲಾರೂ ಒಂದ್ಸಾರಿ ಬಿದ್ದೇ ಬೀಳ್ತಾರೆ. ಎನ್‌ಜಿಕೆ ಕಂಪನಿ ಪ್ಲಗ್ಗಲ್ಲಿ ನಂಬರ್ ದೊಡ್ಡದಾದಂಗೆ ಪ್ಲಗ್ ಕೋಲ್ಡ್. ಬಾಷ್ ಮತ್ತೆ ಚಾಂಪಿಯನ್ನಲ್ಲಿ ಉಲ್ಟಾ, ನಂಬರ್ ದೊಡ್ಡದಾದಂಗೆ ಹಾಟ್. ಅದಕ್ಕೇ "6ರ ಬದ್ಲು 7 ಕೊಡ್ರಿ" ಅಂತ ಕಂಪನಿ ಹೆಸರು ಹೇಳ್ದೆ ಕೇಳಿದ್ರೆ ಬೇಕಾಗಿದ್ದರ ಉಲ್ಟಾನೇ ಕೈಗೆ ಬರಬಹುದು. ನಮ್ ಕಡೆ ಹಳೇ ಮೆಕ್ಯಾನಿಕ್‌ಗಳು ಇವತ್ತಿಗೂ ಬಾಷ್ ಪ್ಲಗ್ಗಿಗೆ ಮೈಕೊ ಪ್ಲಗ್ ಅಂತಾನೇ ಅನ್ನೋದು, ಬೆಂಗಳೂರಿನ ಮೈಕೊ ಕಂಪನಿ 2008ರಲ್ಲಿ ಬಾಷ್ ಅಂತ ಹೆಸರು ಬದ್ಲಾಯಿಸ್ಕೊಂಡಿದ್ದು ಅವರ ಬಾಯಿಗೆ ಇನ್ನೂ ಮುಟ್ಟಿಲ್ಲ. ಅವರು ಮೈಕೊ ಅಂದ್ರೆ ನೀವು ಬಾಷ್ ಲೆಕ್ಕದಲ್ಲೇ ಓದ್ಕೊಳ್ರಿ.

ನಾನು 1489ಕ್ಕೆ ಹಾಕೋದು ಎನ್‌ಜಿಕೆ ಬಿಪಿ6ಇಎಸ್. ಬಿ ಅಂದ್ರೆ 14 ಎಂಎಂ ಚೂಡಿ, ಪಿ ಅಂದ್ರೆ ಮೂಗು ಸ್ವಲ್ಪ ಮುಂದೆ ಚಾಚಿರೋದು, 6 ಹೀಟು, ಇ ಅಂದ್ರೆ 19 ಎಂಎಂ ಉದ್ದ. ಇ ಇರೋ ಜಾಗದಲ್ಲಿ ಎಚ್ ಇದ್ರೆ ಅದು 12.7ರ ಗಿಡ್ಡದು, ನನ್ನ ಗಾಡಿಗೆ ಬಂದಿದ್ದು ಅದೇ, ಒಂದಕ್ಷರದಲ್ಲಿ ಎರಡು ವರ್ಷ ಹೋತು. ಇದಕ್ಕೇ ಸರಿಸಮ ಬಾಷ್‌ನಲ್ಲಿ ಡಬ್ಲ್ಯೂ7ಡಿಸಿ, ಚಾಂಪಿಯನ್ನಲ್ಲಿ ಎನ್9ವೈಸಿ. ಮೂರರಲ್ಲಿ ಯಾವುದು ಅಸಲಿ ಸಿಗ್ತತೋ ಅದು ತಗೊಳ್ರಿ.

6ರಿಂದ ಶುರು ಮಾಡಿ, ಆಮೇಲೆ ಗಾಡಿನೇ ಹೇಳ್ತತಿ. ಅದನ್ನ ಕೇಳೋ ವಿಧಾನ ಹಿಂಗೆ. ಬೆಳಗ್ಗೆ ಬೇಗ ಎದ್ದು ಚಿತ್ರದುರ್ಗದ ಕಡೆ ಹೈವೇಗೆ ಹೋಗ್ರಿ, ಇಂಜಿನ್ ಪೂರ್ತಿ ಕಾದ ಮೇಲೆ ಹತ್ತು ಹದಿನೈದು ಕಿಲೋಮೀಟರ್ ಒಂದೇ ಸ್ಪೀಡಲ್ಲಿ ಓಡ್ಸಿ, ಹಿಂದೆ ಮುಂದೆ ಲಾರಿ ಇಲ್ಲದಾಗ ಸರ್ವೀಸ್ ರೋಡಿಗೆ ಇಳ್ದು, ನೆಟ್ಟಗಿರೋ ಖಾಲಿ ಜಾಗದಲ್ಲಿ ಕ್ಲಚ್ ಒತ್ತಿ ಇಗ್ನಿಷನ್ ಆಫ್ ಮಾಡಿ, ಹಂಗೇ ಉರುಳ್ಕೊಂಡು ನಿಂತ್ಕೊಳ್ರಿ. ಬ್ರೇಕ್ ಸ್ಟೇರಿಂಗ್ ಎರಡಕ್ಕೂ ಪವರ್ ಇರೋ ಗಾಡಿ ಅಥವಾ ಚಾವಿ ತಿರುವಿದ್ರೆ ಸ್ಟೇರಿಂಗ್ ಲಾಕ್ ಆಗೋ ಗಾಡಿ ಆದ್ರೆ ಈ ಆಟ ಬ್ಯಾಡ. ಐಡ್ಲಿಂಗಲ್ಲಿ ಬಿಟ್ಕೊಂಡು ಮನೆಗೆ ಬಂದು ಬಿಚ್ಚಿದ್ರೆ ಐಡ್ಲಿಂಗಿನ ಮಸಿ ಮಾತ್ರ ಕಾಣ್ತತಿ, ರೋಡಿನ ಕತೆ ಕಾಣಲ್ಲ. ಇಂಜಿನ್ ತಣ್ಣಗಾಗೋ ತನಕ ಥರ್ಮಾಸ್ ಚಾ ಕುಡೀರಿ, ಆಮೇಲೆ ಬಿಚ್ರಿ, ನಾಲ್ಕನ್ನೂ ಸಿಲಿಂಡರ್ ಸಾಲಲ್ಲೇ ಪೇಪರ್ ಮೇಲೆ ಇಡ್ರಿ.

ಪಿಂಗಾಣಿ ಮೂಗು ತಿಳೀ ಕಂದು, ಹಾಲು ಜಾಸ್ತಿ ಹಾಕಿದ ಚಾ ಬಣ್ಣ ಇದ್ರೆ ಎಲ್ಲಾ ಸರಿ, ಅದೇ ನಂಬರ್ ತಗೊಳ್ರಿ. ನಾಲ್ಕೂ ಒಣ ಕಾಡಿಗೆ ಥರ ಕಪ್ಪಿದ್ರೆ ಮೊದ್ಲು ಚೋಕು, ಏರ್ ಫಿಲ್ಟರ್, ಕಾರ್ಬುರೇಟರ್ ನೋಡ್ರಿ, ಅವೆಲ್ಲ ಸರಿ ಇದ್ದು ಗಾಡಿ ಬರೀ ಊರೊಳಗೆ ಮೆರವಣಿಗೆಗೇ ಓಡ್ತಿದ್ರೆ ಆಗ ಎನ್‌ಜಿಕೆ ಲೆಕ್ಕದಲ್ಲಿ 5ಕ್ಕೆ ಹೋಗಬಹುದು, ಅಂದ್ರೆ ಒಂದು ಮೆಟ್ಲು ಹಾಟ್. ಒಂದೇ ಒಂದು ಪ್ಲಗ್ ಆಯಿಲಲ್ಲಿ ಅದ್ದಿದಂಗೆ ಒದ್ದೆ ಐತಾ? ಆ ಸಿಲಿಂಡರಿನ ರಿಂಗೋ ವಾಲ್ವ್ ಗೈಡೋ ಹೋಗಿದೆ, ಹಾಟ್ ಪ್ಲಗ್ ಹಾಕಿ ಎರಡು ತಿಂಗಳು ತಳ್ಳಬಹುದು ಅಷ್ಟೇ. ಸುಣ್ಣ ಬಳಿದಂಗೆ ಬೆಳ್ಳಗೆ, ಮೇಲೆ ಸಣ್ಣ ಗುಳ್ಳೆ ಥರ ಇದ್ರೆ ಗಾಡಿ ಓಡ್ಸೋದು ನಿಲ್ಲಿಸ್ರಿ, ಟೈಮಿಂಗ್ ಮುಂದೆ ಹೋಗಿ ಕಿಡಿ ಬೇಗ ಬರ್ತಿರಬೇಕು ಇಲ್ಲ ಪೆಟ್ರೋಲ್ ಕಮ್ಮಿ ಗಾಳಿ ಜಾಸ್ತಿ ಹೋಗ್ತಿರಬೇಕು, ಹಿಂಗೇ ಬಿಟ್ರೆ ಪಿಸ್ಟನ್ನಿಗೇ ತೂತು.

ಬೆಳ್ಳಗೆ ಅಂದಾಗ ಒಂದು ಮಾತು. ಹಳೇ ಪುಸ್ತಕದಲ್ಲಿ ಇರೋ ಬಣ್ಣದ ಚಿತ್ರ ಇಟ್ಕೊಂಡು ಹೋಲ್ಸಬ್ಯಾಡ್ರಿ, ಅವೆಲ್ಲ ಸೀಸ ಹಾಕಿದ ಪೆಟ್ರೋಲ್ ಕಾಲದ್ದು, ನಮ್ ದೇಶದಲ್ಲಿ ಅದು 2000ದಲ್ಲೇ ನಿಂತೋತು, ಈಗಿನ ಪೆಟ್ರೋಲಲ್ಲಿ ಪ್ಲಗ್ ಮೊದಲಿನಕ್ಕಿಂತ ತಿಳಿಯಾಗೇ ಕಾಣೋದು. ಅದ್ರ ಮೇಲೆ ಈಗ ಬಂಕಲ್ಲಿ ಸಿಗೋದು 20 ಪರ್ಸೆಂಟ್ ಎಥನಾಲ್ ಬೆರೆಸಿದ್ದು. ಎಥನಾಲಲ್ಲೇ ಆಕ್ಸಿಜನ್ ಇರೋದ್ರಿಂದ ಅದಕ್ಕೆ ಗಾಳಿ ಕಮ್ಮಿ ಸಾಕು, ಹೊಸ ಗಾಡಿ ಕಂಪ್ಯೂಟರ್ ಅದನ್ನ ಸರಿ ಮಾಡ್ಕೊಂತತಿ, ನಮ್ ಕಾರ್ಬುರೇಟರಿಗೆ ಏನ್ ಗೊತ್ತು ಪಾಪ, ಹಂಗೇ ಲೀನ್, ಅಂದ್ರೆ ಪೆಟ್ರೋಲ್ ಕಮ್ಮಿ ಗಾಳಿ ಜಾಸ್ತಿಯಲ್ಲಿ, ಓಡ್ತತಿ. ಅದಕ್ಕೆ ಮದ್ದು ಕಾರ್ಬುರೇಟರಲ್ಲಿ ಮಿಕ್ಸ್ಚರ್ ಸ್ವಲ್ಪ ರಿಚ್ ಮಾಡೋದು, ಅಂದ್ರೆ ಪೆಟ್ರೋಲ್ ಸ್ವಲ್ಪ ಜಾಸ್ತಿ ಬಿಡೋದು. ಕೋಲ್ಡ್ ಪ್ಲಗ್ ಹಾಕಿ ಬಣ್ಣ ಮುಚ್ಚೋದಲ್ಲ. ಬಾನೆಟ್ ಎತ್ತಿದಾಗ ಹಳೇ ರಬ್ಬರ್ ಪೆಟ್ರೋಲ್ ಪೈಪೂ ಒಂದ್ಸಾರಿ ಹಿಚುಕಿ ನೋಡ್ರಿ, ಎಥನಾಲ್ ಅದನ್ನೂ ತಿಂತತಿ.

ಇರಿಡಿಯಂ ಹಾಕ್ಸ್ಲಾ ಅಂತ ಹುಡುಗರು ಕೇಳ್ತಾರೆ. ಬ್ಯಾಡ. ಅದು ಬಿಚ್ಚೋಕೆ ಕಷ್ಟ ಇರೋ ಹೊಸ ಇಂಜಿನ್ನಿಗೆ, ಲಕ್ಷ ಕಿಲೋಮೀಟರ್ ಮುಟ್ಟದೇ ಇರೋ ಲೆಕ್ಕಕ್ಕೆ ಮಾಡಿದ್ದು. ನಮ್ದು ವರ್ಷಕ್ಕೆ ಎರಡು ಸಾರಿ ಬಿಚ್ಚಿ ನೋಡೋ ಗಾಡಿ, ಪ್ಲಗ್ ಐದು ನಿಮಿಷಕ್ಕೆ ಕೈಗೆ ಬರ್ತತಿ, ಕಾಪರ್ ಕೋರಿನ ಸಾದಾ ಪ್ಲಗ್ಗೇ ಸಾಕು. ಹೆಸರಲ್ಲಿ ಆರ್ ಇರೋದು, ಅಂದ್ರೆ ಬಿಪಿಆರ್6ಇಎಸ್, ರೆಸಿಸ್ಟರ್ ಪ್ಲಗ್. ರೇಡಿಯೋ ಗೊರ್ ಅಂತಿದ್ರೆ ಅಥವಾ ಪಾಯಿಂಟ್ (ಕಿಡಿಗೋಸ್ಕರ ಕರೆಂಟ್ ಕೂಡಿಸಿ ಕಡಿಯೋ ಹಳೇ ಕಾಲದ ಸ್ವಿಚ್ಚು) ತೆಗ್ದು ಎಲೆಕ್ಟ್ರಾನಿಕ್ ಇಗ್ನಿಷನ್ ಹಾಕ್ಸಿದ್ರೆ ಅದೇ ತಗೊಳ್ರಿ. ಪಾಯಿಂಟ್ ಇರೋ ಗಾಡಿಗೆ ಎರಡೂ ನಡೀತತಿ.

ಗ್ಯಾಪ್ ಬಗ್ಗೆ ಅಂಗಡಿಯವರು "ಕಂಪನಿಯಿಂದಾನೇ ಸೆಟ್ ಆಗಿ ಬಂದಿರ್ತತಿ, ಹಂಗೇ ಹಾಕ್ರಿ" ಅಂತಾರೆ. ಸೆಟ್ ಆಗಿರ್ತತಿ ನಿಜ, ನಿಮ್ ಗಾಡಿಗಲ್ಲ. ಡಬ್ಬದಿಂದ ತೆಗೆದ್ರೆ ಸಾಮಾನ್ಯ 0.8 ಎಂಎಂ ಆಸುಪಾಸು ಇರ್ತತಿ, ಪಾಯಿಂಟ್ ಇಗ್ನಿಷನ್ ಇರೋ 1489ಕ್ಕೆ ಬೇಕಾಗಿರೋದು 0.025 ಇಂಚು, ಹತ್ರತ್ರ 0.65 ಎಂಎಂ. ನಮ್ ದೊಡ್ಡಪ್ಪ ಹರಿಹರದ ಕಿರ್ಲೋಸ್ಕರ್‌ನಲ್ಲಿ ಲೇಥ್ ಮೇಲೆ ಇದ್ದೋರು, ಅವರ ಬಾಯಲ್ಲಿ ಎಂಎಂ ಅನ್ನೋದೇ ಇಲ್ಲ, "25 ಥೌ ಇಡೋ, ಫಿಲ್ಲರ್ ಹಿಡಿದೂ ಹಿಡೀದಂಗೆ ಜಾರಬೇಕು" ಅಂತಿದ್ರು. ಥೌ ಅಂದ್ರೆ ಇಂಚಿನ ಸಾವಿರದಲ್ಲೊಂದು ಪಾಲು, ಫಿಲ್ಲರ್ ಅಂದ್ರೆ ಸಂದು ಅಳೆಯೋ ತೆಳು ಪಟ್ಟಿ. ಬಗ್ಗಿಸೋದು ಹೊರಗಿನ ಕೊಕ್ಕೆ ಮಾತ್ರ, ನಡುವಿನ ಕಂಬಿಗೆ ಏನೂ ತಾಗಿಸಬಾರದು, ಪಿಂಗಾಣಿ ಬಿರುಕು ಬಿಟ್ರೆ ಕಣ್ಣಿಗೂ ಕಾಣಲ್ಲ. ಪಾಯಿಂಟ್ ಗ್ಯಾಪೂ ಆವಾಗ್ಲೇ 15 ಥೌ ಇಟ್ಬಿಡ್ರಿ, ಅದು ಸರಿ ಇಲ್ದೇ ಪ್ಲಗ್ಗಿಗೆ ಬೈದು ಪ್ರಯೋಜನ ಇಲ್ಲ. ಹಳೇ ಪ್ಲಗ್ಗಿಗೆ ವೈರ್ ಬ್ರಷ್ ಹಾಕಿ ತಿಕ್ಕೋದೂ ಬ್ಯಾಡ, ಬ್ರಷ್ಷಿನ ಲೋಹ ಪಿಂಗಾಣಿ ಮೇಲೆ ಗೆರೆ ಬಿಟ್ಟು ಕರೆಂಟ್ ಅದ್ರ ಮೇಲೇ ಹರೀತತಿ.

ಅಂಗಡಿಗೆ ಹೋಗೋವಾಗ ಹಳೇ ಪ್ಲಗ್ ಒಂದು, ಪುಸ್ತಕದ ನಂಬರ್ ಬರೆದ ಚೀಟಿ ಒಂದು ಜೇಬಲ್ಲಿರ್ಲಿ. ಡೂಪ್ಲಿಕೇಟ್ ಬಾಳ ಐತಿ ಮಾರ್ಕೆಟ್ಟಲ್ಲಿ. ಪಿಂಗಾಣಿ ಮೇಲಿನ ಅಕ್ಷರ ಉಗುರಲ್ಲಿ ಕೆರೆದ್ರೆ ಹೋಗಬಾರದು, ಚೂಡಿ ನುಣ್ಣಗಿರಬೇಕು, ವಾಷರ್ ಕಳಚಿ ಬೀಳಬಾರದು, ಕೊಕ್ಕೆ ಸರಿಯಾಗಿ ನಡುವಿನ ಕಂಬಿ ಮೇಲೇ ಬರಬೇಕು. ನಾಲ್ಕನ್ನೂ ಕೌಂಟರ್ ಮೇಲೆ ಜೋಡಿಸಿ ನೋಡ್ರಿ, ಒಂದು ಸೊಟ್ಟ ಕಂಡ್ರೂ ನಾಲ್ಕೂ ವಾಪಸ್. ಅಂಗಡಿಯವರು ಮುಖ ಸಿಂಡರಿಸ್ಕೊಂಡ್ರೆ ಸಿಂಡರಿಸ್ಕೊಳ್ಳಿ.

ಹಾಕೋವಾಗ ಇಂಜಿನ್ ತಣ್ಣಗಿರಬೇಕು. ಬಿಚ್ಚೋ ಮುಂಚೆ ಪ್ಲಗ್ ಸುತ್ತ ಹವಾ ಹೊಡೀರಿ, ನಮ್ ಕಡೆ ಧೂಳು ಗೊತ್ತಲ್ಲ, ಮೆಕ್ಕೆಜೋಳದ ಸುಗ್ಗಿಯಲ್ಲಿ ಬಾನೆಟ್ ಒಳಗೂ ಒಂದು ಹೊಲ ಇರ್ತತಿ, ಅದೆಲ್ಲ ಸಿಲಿಂಡರಿಗೆ ಬೀಳ್ತತಿ. ವೈರಿಗೆ ನಂಬರ್ ಚೀಟಿ ಅಂಟ್ಸ್ರಿ, ಅದಲು ಬದಲಾದ್ರೆ ಫೈರಿಂಗ್ ಆರ್ಡರ್, ಅಂದ್ರೆ ಸಿಲಿಂಡರುಗಳಿಗೆ ಕಿಡಿ ಬರೋ ಸರದಿ, 1-3-4-2 ನೆನಪಿಟ್ಕೊಳ್ರಿ. ಹೊಸ ಪ್ಲಗ್ ಕೈಯಲ್ಲೇ ಕೊನೇವರ್ಗೂ ತಿರುಗ್ಸಿ, ಪಾನಾ ಆಮೇಲೆ. ಕೈಯಲ್ಲಿ ತಿರುಗದಿದ್ರೆ ಚೂಡಿ ಅಡ್ಡ ಹತ್ತೈತಿ ಅಂತ ಅರ್ಥ, ಬಿಚ್ಚಿ ಮತ್ತೆ ಹಾಕ್ರಿ. ಕೂತ ಮೇಲೆ ಪಾನಾದಲ್ಲಿ ಅರ್ಧ ಸುತ್ತು, ವಾಷರ್ ಚಪ್ಪಟೆ ಆಗೋದು ಕೈಗೆ ಗೊತ್ತಾಗ್ತತಿ, ಅಷ್ಟಕ್ಕೇ ನಿಲ್ಲಿಸ್ರಿ. ಮೊದ್ಲೇ ಒಂದ್ಸಾರಿ ಹಾಕಿ ತೆಗೆದ ಪ್ಲಗ್ ಆದ್ರೆ ವಾಷರ್ ಆಗ್ಲೇ ಚಪ್ಪಟೆ ಆಗಿರ್ತತಿ, ಗಡಿಯಾರದ ಗಂಟೆ ಮುಳ್ಳು ಒಂದು ಗಂಟೆ ಸರಿದಷ್ಟು ತಿರುಗಿಸಿದ್ರೆ ಸಾಕು. ಪದ್ಮಿನಿಯವರು ಇಲ್ಲೇ ಹುಷಾರು, ಅಲ್ಯುಮಿನಿಯಂ ಚೂಡಿ ಜಿಮ್ಮಿಗೆ ಹೋಗೋ ಹುಡುಗರ ಕೈಗೆ ತಡೆಯಲ್ಲ.

ಬಿಚ್ಚಿದ ಹಳೇ ನಾಲ್ಕರಲ್ಲಿ ಉದ್ದ ಸರಿ ಇದ್ದು ಬಣ್ಣ ಚೆನ್ನಾಗಿರೋ ಎರಡು ಎಸೀಬ್ಯಾಡ್ರಿ, 25 ಥೌ ಗ್ಯಾಪ್ ಇಟ್ಟು ಬಟ್ಟೇಲಿ ಸುತ್ತಿ, ಪಾನಾ ಜತೆ ಡಿಕ್ಕಿಯಲ್ಲಿ ಹಾಕ್ರಿ, ರಾತ್ರಿ ಭರಮಸಾಗರದ ಹತ್ರ ಗಾಡಿ ಮೂರು ಸಿಲಿಂಡರಿಗೆ ಬಂದ್ರೆ ಅಲ್ಲಿ ಯಾವ ಅಂಗಡಿನೂ ತೆಗ್ದಿರಲ್ಲ.