ಹಳೇ ಸರ್ವರ್‌ನ ಡಿಸ್ಕ್, ಹೊಸ ಡಬ್ಬ

ವರ್ಷಗಳಿಂದ ಹಗಲೂ ರಾತ್ರಿ ಓಡುತ್ತಿದ್ದ ನನ್ನ ಡೆಬಿಯನ್ (ಒಂದು ಬಗೆಯ ಲಿನಕ್ಸ್) ಸರ್ವರ್ ಇದ್ದಕ್ಕಿದ್ದಂತೆ ತಾನೇ ರೀಸ್ಟಾರ್ಟ್ ಆಗತೊಡಗಿತು. ರ‍್ಯಾಮ್ ಬದಲಿಸಿದೆ, ಪವರ್ ಸಪ್ಲೈ ಬದಲಿಸಿದೆ, ಸರಿಹೋಗಲಿಲ್ಲ. ಉಳಿದದ್ದು ಮದರ್‌ಬೋರ್ಡ್. ಎಲ್ಲವನ್ನೂ ಮೊದಲಿಂದ ಇನ್‌ಸ್ಟಾಲ್ ಮಾಡುವ ತಾಳ್ಮೆ ನನಗಿರಲಿಲ್ಲ. ಡಿಸ್ಕ್ ಚೆನ್ನಾಗಿದೆಯಲ್ಲ, ಅದನ್ನೇ ಬಿಚ್ಚಿ ಬೇರೆ ಕಂಪ್ಯೂಟರ್‌ಗೆ ಹಾಕಿದರಾಯಿತು ಅಂದುಕೊಂಡೆ.

ಲಿನಕ್ಸ್‌ನಲ್ಲಿ ಇದು ನಡೆಯುತ್ತೆ. ಡ್ರೈವರ್‌ಗಳು ಕರ್ನಲ್ (ಲಿನಕ್ಸ್‌ನ ತಿರುಳು) ಜೊತೆಗೇ ಮಾಡ್ಯೂಲ್‌ಗಳಾಗಿ, ಅಂದರೆ ಬಿಡಿ ತುಂಡುಗಳಾಗಿ, ಡಿಸ್ಕ್ ಮೇಲಿರುತ್ತವೆ. ಬೂಟ್ ಆಗುವಾಗ ಎದುರಿಗೆ ಯಾವ ಹಾರ್ಡ್‌ವೇರ್ ಕಾಣುತ್ತದೋ ಅದಕ್ಕೆ ತಕ್ಕದ್ದು ಲೋಡ್ ಆಗುತ್ತದೆ. ಬ್ಯಾಕಪ್ ತೆಗೆದು, ಶಟ್‌ಡೌನ್ ಮಾಡಿ, ಎರಡು ಡಿಸ್ಕ್ ಬಿಚ್ಚಿ ಹೊಸ ಡಬ್ಬಕ್ಕೆ ಹಾಕಿದೆ. ಮೂರನೆಯದೊಂದು ಹಳೇ ಡಿಸ್ಕ್ ಇತ್ತು, ಬೇಡ ಅಂತ ಅಲ್ಲೇ ಬಿಟ್ಟೆ. ಅದು ನೆನಪಿರಲಿ.

ಆನ್ ಮಾಡಿದರೆ ಬೂಟ್ ಮಾಡಲು ಡಿಸ್ಕೇ ಇಲ್ಲ ಅಂತು. ಹಳೇದು ಬಯಾಸ್ (ಆನ್ ಮಾಡಿದಾಗ ಮೊದಲು ಓಡುವ ಹಳೇ ಬಗೆಯ ಪ್ರೋಗ್ರಾಂ) ಕಾಲದ್ದು, ಲಿನಕ್ಸ್ ಶುರುಮಾಡುವ ಗ್ರಬ್ ಕೂತಿದ್ದು ಡಿಸ್ಕಿನ ಮೊದಲ ಸೆಕ್ಟರ್‌ನಲ್ಲಿ. ಹೊಸದು ಬರೀ ಯುಇಎಫ್‌ಐ (ಬಯಾಸ್ ಜಾಗಕ್ಕೆ ಬಂದ ಹೊಸ ಪದ್ಧತಿ) ರೀತಿಯ ಬೂಟ್ ಫೈಲನ್ನೇ ಹುಡುಕುತ್ತಿತ್ತು. ಸೆಟಪ್‌ಗೆ ಹೋಗಿ ಸೆಕ್ಯೂರ್ ಬೂಟ್ (ಸಹಿ ಇಲ್ಲದ್ದನ್ನು ಬೂಟ್ ಆಗಲು ಬಿಡದ ಕಾವಲು) ಆಫ್ ಮಾಡಿ, ಹಳೇ ಬಯಾಸ್ ರೀತಿಯಲ್ಲೂ ಬೂಟ್ ಆಗಲು ಬಿಡುವ ಸಿಎಸ್‌ಎಂ ಆನ್ ಮಾಡಿದೆ. ಗ್ರಬ್ ಮೆನು ಬಂತು. ಈಗಿನ ಎಷ್ಟೋ ಬೋರ್ಡ್‌ಗಳಲ್ಲಿ ಸಿಎಸ್‌ಎಂ ಇರುವುದೇ ಇಲ್ಲ. ಅಂಥದ್ದಾದರೆ ಲೈವ್ ಯುಎಸ್‌ಬಿ (ಪೆನ್‌ಡ್ರೈವ್‌ನಿಂದಲೇ ಓಡುವ ಲಿನಕ್ಸ್) ಹಾಕಿ, ಯುಇಎಫ್‌ಐ ಬೂಟ್ ಫೈಲ್ ಇಡುವ ಇಎಫ್‌ಐ ಪಾರ್ಟಿಷನ್‌ಗೆ ಜಾಗ ಮಾಡಿ, ಗ್ರಬ್ ಮತ್ತೆ ಕೂರಿಸಬೇಕು. ನಾನು ಬಚಾವಾದೆ.

ಆಮೇಲೆ ಪರದೆ ಮೇಲೆ ಒಂದು ಕೆಂಪು ನಕ್ಷತ್ರ ಅತ್ತಿಂದಿತ್ತ ಓಡಾಡತೊಡಗಿತು. ಪಕ್ಕದಲ್ಲಿ ಸೆಕೆಂಡುಗಳ ಎಣಿಕೆ. 1 ನಿಮಿಷ 30 ಸೆಕೆಂಡ್ ಕಾದು ಎಮರ್ಜೆನ್ಸಿ ಮೋಡ್‌ಗೆ ಬಿದ್ದು ರೂಟ್ ಪಾಸ್‌ವರ್ಡ್ ಕೇಳಿತು. ಬಿಟ್ಟು ಬಂದ ಆ ಡಿಸ್ಕಿನ ಸಾಲು ಎಫ್‌ಎಸ್‌ಟ್ಯಾಬ್‌ನಲ್ಲಿ (ಬೂಟ್ ಆಗುವಾಗ ಜೋಡಿಸಬೇಕಾದ ಡಿಸ್ಕ್‌ಗಳ ಪಟ್ಟಿ) ಹಾಗೇ ಉಳಿದಿತ್ತು, ಬೂಟ್ ಕೆಲಸ ನಡೆಸುವ ಸಿಸ್ಟಮ್‌ಡಿ ಅದಕ್ಕಾಗಿ ಕಾಯುತ್ತಿತ್ತು! ಸಾಲನ್ನು ಕಾಮೆಂಟ್ ಮಾಡಿ (ಲೆಕ್ಕಕ್ಕೆ ಬಾರದಂತೆ ಮಾಡಿ) ರೀಬೂಟ್ ಮಾಡಿದೆ. ಉಳಿದ ಸಾಲುಗಳಲ್ಲಿ ಯುಯುಐಡಿ (ಪಾರ್ಟಿಷನ್‌ಗೆ ಅಂಟಿಕೊಂಡೇ ಇರುವ ಗುರುತಿನ ಸಂಖ್ಯೆ) ಬರೆದಿದ್ದೆ, ಹಾಗಾಗಿ ಕೇಬಲ್ ಯಾವ ಪೋರ್ಟ್‌ಗೆ ಹಾಕಿದರೂ ತೊಂದರೆಯಾಗಲಿಲ್ಲ. ಡೇಟಾ ಡಿಸ್ಕಿನ ಸಾಲಿಗೆ ನೋಫೇಲ್ ಅನ್ನೋ ಆಪ್ಷನ್ ಕೂಡ ಸೇರಿಸಿದೆ. ಆ ಡಿಸ್ಕ್ ಸಿಗದಿದ್ದರೂ ಮಷಿನ್ ಇನ್ನು ಬೂಟ್ ಆಗುತ್ತದೆ.

ಲಾಗಿನ್ ಬಂತು, ನೆಟ್‌ವರ್ಕ್ ಇಲ್ಲ. ಇದು ಗೊತ್ತಿದ್ದ ವಿಷಯವೇ. ಹಿಂದೆ ಇಂಥ ಬದಲಾವಣೆ ಮಾಡಿದರೆ ನೆಟ್‌ವರ್ಕ್ ಕಾರ್ಡಿನ ಹೆಸರು ಇಟಿಎಚ್0 ಹೋಗಿ ಇಟಿಎಚ್1 ಆಗುತ್ತಿತ್ತು, ಹಾರ್ಡ್‌ವೇರ್ ಗುರುತಿಸುವ ಯುಡೆವ್ ಹಳೇ ಕಾರ್ಡಿನ ಮ್ಯಾಕ್ ವಿಳಾಸವನ್ನು (ಕಾರ್ಡಿನ ಸ್ವಂತ ಸಂಖ್ಯೆ) ಬರೆದಿಟ್ಟುಕೊಂಡಿರುತ್ತಿತ್ತು. 2013ರಲ್ಲಿ ಬಂದ ಸಿಸ್ಟಮ್‌ಡಿ 197ರಿಂದ ಕಾರ್ಡ್ ಕೂತ ಜಾಗ ನೋಡಿ ಹೆಸರಿಡುತ್ತಾರೆ. ನನ್ನ ಹಳೇದು ಇಎನ್‌ಪಿ3ಎಸ್0, ಅಂದರೆ ಪಿಸಿಐ ಬಸ್ 3, ಸ್ಲಾಟ್ 0. ಹೊಸ ಬೋರ್ಡಿನಲ್ಲಿ ಅದೇ ಇಎನ್‌ಪಿ2ಎಸ್0 ಆಗಿತ್ತು. ಒಂದು ಅಂಕೆಯ ವ್ಯತ್ಯಾಸ. ನೆಟ್‌ವರ್ಕ್ ಫೈಲಿನಲ್ಲಿ ಎರಡು ಕಡೆ ತಿದ್ದಿದೆ, ವಿಳಾಸ ಬಂತು, ಹೊರಗಿನ ಪಿಂಗ್ ಕೆಲಸ ಮಾಡಿತು.

ಖುಷಿಯಿಂದ ಮಾನಿಟರ್, ಕೀಬೋರ್ಡ್ ಎರಡನ್ನೂ ಕಿತ್ತು ಒಳಗಿಟ್ಟೆ. ಲ್ಯಾಪ್‌ಟಾಪ್‌ನಿಂದ ಎಸ್‌ಎಸ್‌ಎಚ್ (ದೂರದಿಂದ ಸರ್ವರ್‌ಗೆ ಲಾಗಿನ್) ಮಾಡಿದರೆ ಸುಮ್ನೆ ನಿಂತುಬಿಟ್ಟಿದೆ. ಕೇಬಲ್ ಬದಲಿಸಿದೆ, ಸ್ವಿಚ್ ರೀಸ್ಟಾರ್ಟ್ ಮಾಡಿದೆ, ಅರ್ಧ ಗಂಟೆ ಹೋಯಿತು. ಕೊನೆಗೆ ಮಾನಿಟರ್ ಮತ್ತೆ ತಂದು ಸೆಟ್ಟಿಂಗ್ ಫೈಲ್‌ಗಳಿರುವ ಇಟಿಸಿ ಫೋಲ್ಡರ್‌ನಲ್ಲಿ ಕಾರ್ಡಿನ ಹಳೇ ಹೆಸರನ್ನೇ ಗ್ರೆಪ್ ಮಾಡಿದೆ, ಅಂದರೆ ಎಲ್ಲ ಫೈಲ್‌ಗಳಲ್ಲಿ ಹುಡುಕಿದೆ. ಸಿಕ್ಕಿತು: ಫೈರ್‌ವಾಲ್ ಆದ ಎನ್‌ಎಫ್‌ಟೇಬಲ್ಸ್ ನಿಯಮದಲ್ಲಿ. ಇಎನ್‌ಪಿ3ಎಸ್0ನಿಂದ ಬಂದರೆ ಮಾತ್ರ ಎಸ್‌ಎಸ್‌ಎಚ್ ಒಳಗೆ ಬಿಡು ಅಂತ ನಾನೇ ಬರೆದಿದ್ದೆ. ಆ ಗ್ರೆಪ್ ಅನ್ನು ಮೊದಲೇ ಮಾಡಬಹುದಿತ್ತು, ಅಲ್ವಾ?

ತಿದ್ದಿದ ಮೇಲೆ ಲ್ಯಾಪ್‌ಟಾಪ್ ಯಾವ ತಕರಾರೂ ಎತ್ತದೆ ಒಳಗೆ ಬಿಟ್ಟಿತು. ಸರ್ವರ್‌ನ ಗುರುತು ಹೇಳುವ ಹೋಸ್ಟ್ ಕೀಗಳು ಡಿಸ್ಕಿನಲ್ಲೇ ಇರುತ್ತವಲ್ಲ, ಅದರ ಲೆಕ್ಕದಲ್ಲಿ ಇದು ಹಳೇ ಸರ್ವರೇ. ಡಿಸ್ಕಿನ ಆರೋಗ್ಯ ಹೇಳುವ ಸ್ಮಾರ್ಟ್‌ಸಿಟಿಎಲ್ ಓಡಿಸಿ ನೋಡಿದೆ. ಡಿಸ್ಕ್ ಓಡಿದ್ದು 41 ಸಾವಿರ ಗಂಟೆ. ಮುಂದಿನ ಭಾನುವಾರ ಇದನ್ನು ಎಸ್‌ಎಸ್‌ಡಿಗೆ ಕ್ಲೋನ್ ಮಾಡಬೇಕು.