ಸಿನಿಮಾದ ಮ್ಯಾಜಿಕ್ ನಿಜಕ್ಕೂ ಆಗುತ್ತಾ? ನಾನು ಪರೀಕ್ಷೆ ಮಾಡುವ ಬಗೆ

ಮನೆಯ ಸಮಾರಂಭಗಳಲ್ಲಿ ಇಸ್ಪೀಟೆಲೆ ಹಿಡಿದು ಸಣ್ಣಪುಟ್ಟ ಮ್ಯಾಜಿಕ್ ಮಾಡುತ್ತೇನೆ. ಅದಕ್ಕೇ ಸಿನಿಮಾ ನೋಡಿ ಬಂದವರೆಲ್ಲ ನನ್ನನ್ನು ಹಿಡಿದು ಕೇಳುತ್ತಾರೆ, "ಅದು ನಿಜವಾಗ್ಲೂ ಆಗುತ್ತಾ?"

ಮೊದಲು ದೃಶ್ಯದಲ್ಲಿನ ಕಟ್ ಎಣಿಸಿ, ಅಂದರೆ ಒಂದು ಶಾಟ್ ಮುಗಿದು ಇನ್ನೊಂದಕ್ಕೆ ಹಾರುವ ಜಾಗ. ಮುಷ್ಟಿ ಮುಚ್ಚಿದ ಶಾಟ್‌ಗೂ ತೆರೆದ ಶಾಟ್‌ಗೂ ನಡುವೆ ಕಟ್ ಇದ್ದರೆ ಅನುಮಾನ ಪಡಿ. ಅಲ್ಲಿ ಕೈಚಳಕ ಎಡಿಟರ್‌ದೇ ಇರಬಹುದು.

ಆಮೇಲೆ ನೋಡಬೇಕಾದ್ದು, ಟ್ರಿಕ್ಕಿಗೆ ಬಿದ್ದದ್ದು ಪಾತ್ರ ಮಾತ್ರವೋ, ನೀವೂನೋ? 2013ರ 'ನೌ ಯು ಸೀ ಮಿ' ಶುರುವಿನಲ್ಲೇ ಮ್ಯಾಜಿಶಿಯನ್ ಇಸ್ಪೀಟ್ ಕಟ್ಟನ್ನು ಸರ್‍ರನೆ ಬಿಡುತ್ತಾನೆ, ಒಂದೆಲೆ ನೆನಪಿಟ್ಟುಕೊಳ್ಳಿ ಅನ್ನುತ್ತಾನೆ. ನಾನು ಡೈಮನ್ ಏಳು ಅಂದುಕೊಂಡೆ. ಷಿಕಾಗೋದ ದೊಡ್ಡ ಕಟ್ಟಡದ ದೀಪಗಳಲ್ಲಿ ಅದೇ ಮೂಡಿತು! ಕಂಪ್ಯೂಟರಿನ ವಿಎಲ್‌ಸಿ ವಿಡಿಯೊ ಪ್ಲೇಯರ್‌ನಲ್ಲಿ ಆ ದೃಶ್ಯ ನಿಲ್ಲಿಸಿ, ಇಂಗ್ಲಿಷಿನ 'ಇ' ಕೀ ಒತ್ತುತ್ತಾ ಒಂದೊಂದೇ ಫ್ರೇಮ್ ನೋಡಿ. ಬೇರೆ ಎಲೆಗಳಿಗಿಂತ ಆ ಏಳು ಜಾಸ್ತಿ ಹೊತ್ತು ನಿಲ್ಲುತ್ತದೆ, ಅಷ್ಟೇ.

ಇದು ಕೈಯಲ್ಲೂ ಆಗುತ್ತದೆ. ಎಲೆಗಳ ಮುಖ ಎದುರಿನವರಿಗೆ ಕಾಣುವಂತೆ ಕಟ್ಟಿನ ತುದಿ ಬಗ್ಗಿಸಿ, ಬೆರಳಿನಿಂದ ಜಾರಲು ಬಿಡಿ. ಬೇಕಾದ ಎಲೆ ಬಂದಾಗ ಬೆರಳು ಒಂಚೂರು ತಡೆಯಲಿ. ತಡೆದದ್ದು ಗೊತ್ತಾದರೆ ಕೆಟ್ಟಿತು. ಕನ್ನಡಿ ಮುಂದೆ ನಿಂತು ಕಲಿಯಿರಿ. ನನಗೆ ಎರಡು ತಿಂಗಳು ಹಿಡಿಯಿತು, ಒಂದು ಕಟ್ಟು ಹರಿದೂ ಹೋಯಿತು.

ಬಂದೂಕಿನಿಂದ ಹಾರಿಸಿದ ಗುಂಡನ್ನು ಹಿಡಿದಂತೆ ತೋರಿಸುವ ಟ್ರಿಕ್ ಮಾತ್ರ ಬೇಡವೇ ಬೇಡ. ಚುಂಗ್ ಲಿಂಗ್ ಸೂ ಎಂದು ಹೆಸರಾದ ಮ್ಯಾಜಿಶಿಯನ್ ವಿಲಿಯಂ ರಾಬಿನ್ಸನ್‌ಗೆ 1918ರಲ್ಲಿ ಲಂಡನ್ನಿನ ರಂಗದ ಮೇಲೆ ಗುಂಡು ನಿಜವಾಗಿಯೇ ತಾಕಿತು. ಅವನ ಬಂದೂಕಿನಲ್ಲಿ ಕೆಳಗಿನ ನಳಿಕೆ ಮಾತ್ರ ಸಿಡಿಯಬೇಕಿತ್ತು, ಗುಂಡಿದ್ದ ನಳಿಕೆ ಸುಮ್ಮನಿರಬೇಕಿತ್ತು. ಆ ರಾತ್ರಿ ಅದೂ ಸಿಡಿಯಿತು. ಮರುದಿನ ಅವನು ಸತ್ತ.

ಕೊನೆಯದಾಗಿ, ಟ್ರಿಕ್ ಕೈಕೊಟ್ಟರೆ ಮ್ಯಾಜಿಶಿಯನ್ ಏನು ಮಾಡುತ್ತಾನೆ ಅಂತ ಯೋಚಿಸಿ. ಸಿನಿಮಾದಲ್ಲಿ ರೀಟೇಕ್ ಇದೆ, ನಮಗಿಲ್ಲ ಅಲ್ವಾ? ಒಂದು ನಿಶ್ಚಿತಾರ್ಥದಲ್ಲಿ 'ಡೈಮನ್ ಏಳು' ಅಂತ ಚೀಟಿ ಬರೆದು ಮಾವನ ಜೇಬಿಗೆ ಮೊದಲೇ ಹಾಕಿದ್ದೆ. ಅವರೇ ಎಲೆ ನೋಡಿದರು. ಏನು ಅಂತ ಕೇಳಿದರೆ, "ಇಸ್ಪೀಟ್ ಎಕ್ಕ!" ಮಕ್ಕಳು ಬಿದ್ದುಬಿದ್ದು ನಕ್ಕವು. ಈಗ ಎಕ್ಕದ ಚೀಟಿಯೊಂದನ್ನು ಇಸ್ಪೀಟ್ ಡಬ್ಬಿಯ ಅಡಿಗೂ ಅಂಟಿಸಿರುತ್ತೇನೆ.