ಕಮಿಟ್ ಆಗದ ಬದಲಾವಣೆಗಳಲ್ಲಿ ಬೇಡವಾದವನ್ನಷ್ಟೇ ತೆಗೆಯುವ ಬಗೆ

ಮುಧೋಳ, ಜಮಖಂಡಿ ಭಾಗದ ಕಬ್ಬಿನ ತೂಕದ ಚೀಟಿ ಮುದ್ರಿಸುವ ಪ್ರೋಗ್ರಾಮೊಂದನ್ನು ಬಾಗಲಕೋಟೆಯ ಎಂಜಿನಿಯರಿಂಗ್ ವಿದ್ಯಾರ್ಥಿನಿಯೊಬ್ಬರು ಪ್ರಾಜೆಕ್ಟಿಗಾಗಿ ಬರೆಯುತ್ತಿದ್ದಾರೆ ಎಂದುಕೊಳ್ಳೋಣ. ತುಂಬಿದ ಗಾಡಿಯ ತೂಕದಿಂದ ಖಾಲಿ ಗಾಡಿಯ ತೂಕವನ್ನು ಕಳೆಯುವ ಲೆಕ್ಕದಲ್ಲಿದ್ದ ತಪ್ಪನ್ನು ಅವರು ತಿದ್ದಿದ್ದಾರೆ. ಅದೇ ಫೈಲಿನಲ್ಲಿ ಪರೀಕ್ಷೆಗೆಂದು ಟನ್ನಿನ ದರವನ್ನೂ ಬದಲಿಸಿದ್ದಾರೆ. ಸೆಟ್ಟಿಂಗ್ಸ್ ಫೈಲಿನಲ್ಲಿ ಡೇಟಾಬೇಸಿನ ವಿಳಾಸವನ್ನು ತಮ್ಮ ಲ್ಯಾಪ್‌ಟಾಪಿಗೆ ಹೊಂದಿಸಿಕೊಂಡಿದ್ದಾರೆ. ಈಗ ಲೆಕ್ಕದ ತಿದ್ದುಪಡಿ ಉಳಿಯಬೇಕು, ಮಿಕ್ಕಿದ್ದು ಹೋಗಬೇಕು. ಈ ಕೆಲಸವನ್ನು ಕೋಡ್ ಬರೆಯುವ ಎಡಿಟರ್ ಆದ ವಿಎಸ್ ಕೋಡ್‌ನಲ್ಲಿ ಮಾಡುವ ಕ್ರಮ ಹೀಗಿದೆ.

ಕಂಟ್ರೋಲ್, ಶಿಫ್ಟ್, ಜಿ ಒತ್ತಿ ಸೋರ್ಸ್ ಕಂಟ್ರೋಲ್ ಫಲಕವನ್ನು ತೆರೆಯಿರಿ. ‘ಚೇಂಜಸ್’ ಪಟ್ಟಿಯಲ್ಲಿರುವ ಪ್ರತಿ ಫೈಲಿನ ಮೇಲೂ ಕ್ಲಿಕ್ ಮಾಡಿ, ಹಳೆಯ ಮತ್ತು ಹೊಸ ರೂಪಗಳನ್ನು ಅಕ್ಕಪಕ್ಕದಲ್ಲಿಟ್ಟು ಓದಿರಿ. ಈ ಓದನ್ನು ಯಾರೂ ಬಿಡಬಾರದು. ಫೈಲುಗಳ ಬದಲಾವಣೆಗಳ ದಾಖಲೆ ಇಡುವ ತಂತ್ರಾಂಶ ಗಿಟ್. ಕಮಿಟ್ ಆದದ್ದನ್ನು, ಅಂದರೆ ಆ ದಾಖಲೆಗೆ ಸೇರಿದ್ದನ್ನು, ಅದು ಸಾಮಾನ್ಯವಾಗಿ ಮರಳಿ ಹುಡುಕಿಕೊಡಬಲ್ಲದು. ಕಮಿಟ್ ಆಗಲಿ ಸ್ಟೇಜ್ (ಮುಂದಿನ ಕಮಿಟ್‌ಗೆಂದು ಆಯ್ದಿಡುವುದು) ಆಗಲಿ ಆಗದ ಸಾಲುಗಳ ಪ್ರತಿ ಮಾತ್ರ ಅದರ ಬಳಿ ಇರುವುದೇ ಇಲ್ಲ.

ಒಂದೇ ಫೈಲಿನ ಕೆಲವು ಸಾಲುಗಳನ್ನಷ್ಟೇ ತೆಗೆಯುವುದಾದರೆ ಆ ಫೈಲನ್ನು ಎಡಿಟರಿನಲ್ಲಿ ತೆರೆಯಿರಿ. ಸಾಲಿನ ಸಂಖ್ಯೆಗಳ ಪಕ್ಕದಲ್ಲಿ ಬದಲಾದ ಕಡೆ ಬಣ್ಣದ ಪಟ್ಟಿ ಇರುತ್ತದೆ. ಅದನ್ನು ಕ್ಲಿಕ್ ಮಾಡಿದಾಗ ಬದಲಾವಣೆಯನ್ನು ತೋರಿಸುವ ಸಣ್ಣ ಕಿಟಕಿ ತೆರೆದುಕೊಳ್ಳುತ್ತದೆ ಮತ್ತು ಅಲ್ಲಿನ ‘ರಿವರ್ಟ್ ಚೇಂಜ್’ ಗುರುತನ್ನು ಒತ್ತಿದರೆ ಆ ತುಣುಕೊಂದೇ ಹಿಂದಿನ ರೂಪಕ್ಕೆ ಮರಳುತ್ತದೆ. ಆದರೆ ದರದ ಸಾಲೂ ಲೆಕ್ಕದ ಸಾಲೂ ಒಂದಕ್ಕೊಂದು ತಾಗಿಕೊಂಡಿದ್ದರೆ ಎರಡೂ ಒಂದೇ ತುಣುಕಾಗಿ ಕಾಣುತ್ತವೆ, ಆಗ ಈ ಗುರುತು ಎರಡನ್ನೂ ಅಳಿಸಿಬಿಡುತ್ತದೆ. ಅಂಥ ಕಡೆ ಹೋಲಿಕೆಯ ನೋಟದಲ್ಲಿ ದರದ ಸಾಲನ್ನಷ್ಟೇ ಆಯ್ದು, ಬಲ ಕ್ಲಿಕ್ ಮಾಡಿ, ‘ರಿವರ್ಟ್ ಸೆಲೆಕ್ಟೆಡ್ ರೇಂಜಸ್’ ಬಳಸಬೇಕು. ಫೈಲ್ ಇನ್ನೂ ತೆರೆದಿರುವಾಗಲೇ ತಪ್ಪು ಗೊತ್ತಾದರೆ ಕಂಟ್ರೋಲ್ ಜೆಡ್ ಒತ್ತಿ ಹಿಂದಕ್ಕೆ ಪಡೆಯಬಹುದು.

ಸೆಟ್ಟಿಂಗ್ಸ್ ಫೈಲಿನಂತೆ ಇಡೀ ಫೈಲಿನ ಬದಲಾವಣೆ ಬೇಡವಾದರೆ, ಅದರ ಹೆಸರಿನ ಪಕ್ಕದ ಬಾಗಿದ ಬಾಣವೇ ‘ಡಿಸ್ಕಾರ್ಡ್ ಚೇಂಜಸ್’. ಹಲವು ಫೈಲುಗಳಿದ್ದರೆ ಕಂಟ್ರೋಲ್ ಹಿಡಿದು ಒಂದೊಂದಾಗಿ ಆಯ್ದು, ಬಲ ಕ್ಲಿಕ್ಕಿನ ಪಟ್ಟಿಯಿಂದ ಅದೇ ಆಯ್ಕೆಯನ್ನು ಕೊಡಿ. ‘ಚೇಂಜಸ್’ ಶೀರ್ಷಿಕೆಯ ಪಕ್ಕದಲ್ಲೂ ಅಂಥದೇ ಬಾಣವಿದೆ. ಅದು ಪಟ್ಟಿಯ ಎಲ್ಲ ಫೈಲುಗಳಿಗೂ ಅನ್ವಯಿಸುವುದರಿಂದ ಈ ಕೆಲಸದಲ್ಲಿ ಅದನ್ನು ಮುಟ್ಟಲೇಬಾರದು. ಹೆಸರಿನ ಮುಂದೆ ‘ಯು’ ಅಕ್ಷರವಿರುವ ಫೈಲು ಗಿಟ್‌ಗೆ ಇನ್ನೂ ಸೇರಿಯೇ ಇಲ್ಲ. ಮರಳಲು ಹಳೆಯ ರೂಪವೇ ಇಲ್ಲದ ಕಾರಣ ಅದನ್ನು ಡಿಸ್ಕಾರ್ಡ್ ಮಾಡಿದರೆ ಫೈಲೇ ಅಳಿಯುತ್ತದೆ.

ಫೈಲು ಈಗಾಗಲೇ ಸ್ಟೇಜ್ ಆಗಿದ್ದರೆ ಡಿಸ್ಕಾರ್ಡ್ ಅದನ್ನು ಹಿಂದಿನ ಕಮಿಟ್‌ವರೆಗೆ ಒಯ್ಯುವುದಿಲ್ಲ, ಸ್ಟೇಜ್ ಆದ ರೂಪಕ್ಕೆ ತಂದು ನಿಲ್ಲಿಸುತ್ತದೆ. ಕಮಿಟ್‌ವರೆಗೂ ಹೋಗಬೇಕಾದರೆ ಮೊದಲು ಮೈನಸ್ ಗುರುತನ್ನು ಒತ್ತಿ ಅನ್‌ಸ್ಟೇಜ್ ಮಾಡಿ. ಇದೇ ಗುಣವನ್ನು ರಕ್ಷಣೆಗೂ ಬಳಸಿಕೊಳ್ಳಬಹುದು: ತೂಕದ ತಿದ್ದುಪಡಿಯನ್ನು ಮೊದಲೇ ಸ್ಟೇಜ್ ಮಾಡಿಟ್ಟರೆ, ನಂತರ ಅದೇ ಫೈಲನ್ನು ಡಿಸ್ಕಾರ್ಡ್ ಮಾಡಿದರೂ ತಿದ್ದುಪಡಿಗೆ ಧಕ್ಕೆಯಾಗುವುದಿಲ್ಲ. ಹೊಸಬರಿಗೆ ನಾನು ಹೇಳುವುದು ಈ ದಾರಿಯನ್ನೇ.

ಬದಲಾವಣೆ ನಿಜವಾಗಿಯೂ ಬೇಡವೇ ಎಂಬ ಅನುಮಾನವಿದ್ದರೆ ಡಿಸ್ಕಾರ್ಡ್ ಬದಲು ಸ್ಟ್ಯಾಶ್ ಮಾಡುವುದು ಮೇಲು. ಆ ಫೈಲುಗಳನ್ನಷ್ಟೇ ಸ್ಟೇಜ್ ಮಾಡಿ, ಮೂರು ಚುಕ್ಕಿಗಳ ಮೆನುವಿನ ಸ್ಟ್ಯಾಶ್ ವಿಭಾಗದಲ್ಲಿ ‘ಸ್ಟ್ಯಾಶ್ ಸ್ಟೇಜ್ಡ್’ ಆರಿಸಿದರೆ ಅವು ಪಕ್ಕಕ್ಕೆ ಸರಿಯುತ್ತವೆ, ‘ಪಾಪ್ ಸ್ಟ್ಯಾಶ್’ ಕೊಟ್ಟಾಗ ಮರಳುತ್ತವೆ. ಇದಕ್ಕೆ ಗಿಟ್ 2.35 ಅಥವಾ ಅದಕ್ಕಿಂತ ಹೊಸ ಆವೃತ್ತಿ ಬೇಕು.

ಬೇಕಾದದ್ದೇ ಹೋಗಿಬಿಟ್ಟಿದ್ದರೆ ಎಕ್ಸ್‌ಪ್ಲೋರರ್ ಫಲಕದ ಕೆಳಗಿರುವ ‘ಟೈಮ್‌ಲೈನ್’ ನೋಡಿರಿ. 2022ರಿಂದ ವಿಎಸ್ ಕೋಡ್ ಪ್ರತಿ ಫೈಲನ್ನು ಸೇವ್ ಮಾಡಿದಾಗಿನ ಪ್ರತಿಗಳನ್ನು ತಾನೇ ಇಟ್ಟುಕೊಳ್ಳುತ್ತದೆ. ಬೇಕಾದ ಹೊತ್ತಿನ ಪ್ರತಿಯ ಮೇಲೆ ಬಲ ಕ್ಲಿಕ್ ಮಾಡಿ ‘ರಿಸ್ಟೋರ್ ಕಂಟೆಂಟ್ಸ್’ ಕೊಡಬಹುದು. ಬೇರೆ ಎಡಿಟರಿನಲ್ಲಿ ಬರೆದ ಸಾಲುಗಳು ಈ ಪಟ್ಟಿಯಲ್ಲಿ ಸಿಗುವುದಿಲ್ಲ.